ಹಿಟ್ಟು ದಾಟುವ ದಿನ

ಮಗು ಹುಟ್ಟಿದ ಸುದ್ದಿ ಮುಟ್ಟಿದಾಗ ನನ್ನ ಗಂಡ ಗುರುಶಾಂತ ತನ್ನ ಅಂಗಡಿಯಲ್ಲಿ ಜುಬ್ಬವೊಂದಕ್ಕೆ ತೋಳು ಕೂಡಿಸುತ್ತಿದ್ದನಂತೆ. ಇದ್ದಕ್ಕಿದ್ದಂತೆ ಅವನ ಕಾಲು ಹೊಲಿಗೆ ಯಂತ್ರದ ಪೆಡಲಿಗೆ ಎಟಕದಾಯಿತು. ಪಕ್ಕದ ಅಂಗಡಿಯವರು ಬಂದು ನೋಡಿದರೆ ಅವನು ಸ್ಟೂಲಿನಿಂದ ನಾಲ್ಕು ಬೆರಳು ಮೇಲೆ, ಸೂಜಿಗೆ ಸಿಕ್ಕ ಜುಬ್ಬವನ್ನು ಹಿಡಿದುಕೊಂಡು ನಗುತ್ತಿದ್ದ. ಅವನ ಸೊಂಟಕ್ಕೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಟ್ಟಿ, ಆಚೀಚೆ ಇಬ್ಬರು ಹಿಡಿದುಕೊಂಡು ಮನೆಗೆ ಕರೆತಂದರು. ಈ ಊರಿನಲ್ಲಿ ಇದಕ್ಕೆ ಹಗುರ ಬರುವುದು ಎನ್ನುತ್ತಾರೆ. ಯಾರೂ ಬೆರಗಾಗುವುದಿಲ್ಲ. ಗಂಡಸರ ಹಗುರ ವಾರದೊಳಗೆ ಇಳಿದುಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ಎಲ್ಲರೂ ಕಾಯುವುದು ತಾಯಿಯ ಹಗುರಕ್ಕೆ.

ನನಗೆ ಅದು ಬರಲಿಲ್ಲ.

ನಾನು ಈ ಊರಿನವಳಲ್ಲ. ಮದುವೆಯಾಗಿ ಬಂದಾಗ ಇಲ್ಲಿನ ಮನೆಗಳ ಬಾಗಿಲು ಯಾಕಿಷ್ಟು ಎತ್ತರ, ಪಡಸಾಲೆಯ ಗೋಡೆಗಳುದ್ದಕ್ಕೂ ಯಾಕೆ ಹಗ್ಗ ಬಿಗಿದಿದ್ದಾರೆ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ನನ್ನ ತಾಯಿ ಬದುಕಿಲ್ಲವಾದ್ದರಿಂದ ಬಾಣಂತನ ಅತ್ತೆಯ ಮನೆಯಲ್ಲೇ ಆಯಿತು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವಳು ನಾನು. ಕಾರಣವಿಲ್ಲದೆ ಯಾವುದನ್ನೂ ನಂಬಬಾರದು ಎಂಬುದು ಅಲ್ಲಿ ಕಲಿತ ಪಾಠ. ನಂಬಿಕೆ ನನಗೆ ಮೊದಲಿನಿಂದಲೂ ಕಡಿಮೆಯೇ. ಮಗುವನ್ನು ನನ್ನ ಪಕ್ಕದಲ್ಲಿ ಮಲಗಿಸಿದಾಗ ನಾನು ಮೊದಲು ಮಾಡಿದ ಕೆಲಸ ಅದರ ಮೂಗಿನ ಮುಂದೆ ಬೆರಳು ಹಿಡಿದದ್ದು. ಉಸಿರು ಬೆರಳಿಗೆ ತಾಕಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದೆ. ಅಲ್ಲಿಂದ ಮುಂದೆ ದಿನವೆಲ್ಲ ನನ್ನ ಕೆಲಸ ಅದೇ ಆಯಿತು.

ಬಾಣಂತಿಯನ್ನು ನೋಡಲು ಬರುವ ಹೆಂಗಸರು ಇಲ್ಲಿ ಕೊಬ್ಬರಿ ಬೆಲ್ಲದ ಜೊತೆಗೆ ಒಂದು ಹೊಳೆಗಲ್ಲನ್ನೂ ತರುತ್ತಾರೆ. ಮುಷ್ಟಿಯಷ್ಟು ದೊಡ್ಡದು, ನುಣುಪಾದದ್ದು. ಹಗುರ ಬಂದ ತಾಯಿ ಅವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡರೆ ಓಡಾಡಲು ಅನುಕೂಲ. ಬಂದವರು ಮಗುವಿನ ಮುಖಕ್ಕಿಂತ ಮೊದಲು ನನ್ನ ಕಾಲನ್ನು ನೋಡುತ್ತಿದ್ದರು.

“ಬಂತೇನವ್ವಾ?” ಎಂದಳು ಪಕ್ಕದ ಮನೆಯ ಕಾಶವ್ವ.

“ಇನ್ನೂ ಇಲ್ಲ.”

“ಬರ್ತೈತಿ ತಗೋ. ನಮ್ಮ ಸೊಸಿಗೆ ನೋಡು, ಕೂಸು ಅತ್ತ ಕೂಡ್ಲೇ ತೊಲಿಗೆ ತಲಿ ಬಡೀತು. ಇವತ್ತಿಗೂ ಕಲ್ಲು ಕಟ್ಟದ ಹಿತ್ತಲಕ್ಕ ಬಿಡಂಗಿಲ್ಲ ನಾವು, ಗಾಳಿಗೆ ಹೋದಾಳು.” ಹಾಗೆಂದು ಕಲ್ಲನ್ನು ನನ್ನ ಮಂಚದ ಕೆಳಗೆ ಇಟ್ಟು, ಮಗುವಿನ ಗಲ್ಲ ಸವರಿ, “ಓದಿದಾಕಿ ಅಲ್ಲೇನ, ವಿಚಾರ ಮಾಡಿ ಬರತೈತಿ,” ಎಂದಳು. ಜೊತೆಗಿದ್ದವರು ನಕ್ಕರು. ನಾನೂ ನಕ್ಕೆ. ಮಂಚದ ಕೆಳಗೆ ಕಲ್ಲುಗಳು ರಾಶಿ ಬಿದ್ದವು.

ಅವರ ನಗುವನ್ನು ಸಹಿಸಬಹುದಿತ್ತು. ಹೆದರಿಸಿದ್ದು ತೊಟ್ಟಿಲಿಗೆ ಹಾಕುವ ದಿನ. ಅಂದು ಹೊಸ್ತಿಲಿನಿಂದ ತೊಟ್ಟಿಲಿನವರೆಗೆ ಅಕ್ಕಿಹಿಟ್ಟು ಹಾಸುತ್ತಾರೆ. ತಾಯಿ ಮಗುವನ್ನು ಎತ್ತಿಕೊಂಡು ಅದರ ಮೇಲೆ ದಾಟಿ ಬರಬೇಕು. ಹಿಟ್ಟಿನಲ್ಲಿ ಹೆಜ್ಜೆ ಮೂಡಬಾರದು. ಮೂಡಿದರೆ, ಭಾರದ ಮಗ್ಗುಲಲ್ಲಿ ಕೂಸು ಮಲಗಬಾರದೆಂದು, ಮಗುವನ್ನು ಹಗುರವಿರುವ ಬೇರೊಬ್ಬ ಹೆಂಗಸಿಗೆ ಒಪ್ಪಿಸುತ್ತಾರೆ. ಅದೇ ಮನೆಯಲ್ಲಿ ಅಂಥವರಿದ್ದರೆ ಅವರಿಗೆ, ಇಲ್ಲದಿದ್ದರೆ ನೆರೆಯವರಿಗೆ. ಹಾಲು ಕುಡಿಯಲು ಮಾತ್ರ ತಾಯಿಯ ಹತ್ತಿರ ತರುತ್ತಾರೆ. ಮಗು ನಡೆಯಲು ಕಲಿಯುವವರೆಗೂ ಹಾಗೆಯೇ. ಯಾರೂ ಬೈಯುವುದಿಲ್ಲ, ಜಗಳವಿಲ್ಲ. ಬಹಳ ಪ್ರೀತಿಯಿಂದ, ಅರಿಸಿನ ಕುಂಕುಮ ಕೊಟ್ಟು, ತೆಗೆದುಕೊಂಡು ಹೋಗುತ್ತಾರೆ. ನನ್ನ ಮಗು ಹೋಗುವುದು ಕಾಶವ್ವನ ಮನೆಗೆ ಎಂದು ನಾನು ಊಹಿಸಿದ್ದೆ.

ಆ ದಿನಗಳಲ್ಲೇ ನನ್ನ ಮಂಚದ ಕೆಳಗಿನ ಕಲ್ಲುಗಳು ಕಡಿಮೆಯಾಗತೊಡಗಿದವು.

ಮೊದಲು ಕಾಶವ್ವ ತಂದ ಕಪ್ಪು ಕಲ್ಲು ಕಾಣಲಿಲ್ಲ. ಆಮೇಲೆ ಬಿಳಿ ಗೆರೆಯಿದ್ದದ್ದು. ನೋಡಲು ಬಂದವರು ಹೋದ ಮೇಲೆ ನನ್ನ ಕೋಣೆಗೆ ಬರುತ್ತಿದ್ದವರು ಅತ್ತೆಯೊಬ್ಬರೇ. ನನ್ನ ಅತ್ತೆ ಬಾಳವ್ವ ಹೆಚ್ಚು ಮಾತಿನವರಲ್ಲ. ಅವರ ಮಗ ಗುರುಶಾಂತನೂ ಅವರೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಎಣ್ಣೆಗಾಣದ ಓಣಿಯ ತಂಗೆವ್ವ ಎಂಬ ಮುದುಕಿಯನ್ನು ಅವನು ಅವ್ವ ಎಂದು ಕರೆದು, ಪ್ರತಿ ಸೋಮವಾರ ಅವಳ ಮನೆಗೆ ಹೋಗಿ ಉಂಡು ಬರುತ್ತಿದ್ದ. ಹೆತ್ತ ತಾಯಿಯೊಡನೆ ಮಾತ್ರ ಊಟಕ್ಕೆ ಬಂದ ನೆಂಟನ ಹಾಗೆ ಮರ್ಯಾದೆಯಿಂದಿರುತ್ತಿದ್ದ. ಅತ್ತೆಯ ಗಡುಸುತನವೇ ಇದಕ್ಕೆ ಕಾರಣವಿರಬೇಕೆಂದು ನಾನು ತೀರ್ಮಾನಿಸಿದ್ದೆ. ಈಗ ಕಲ್ಲುಗಳನ್ನು ತೆಗೆಯುತ್ತಿರುವುದೂ ಅದೇ ಗಡುಸುತನ: ನಿನಗೆ ಇವು ಬೇಕಾಗುವುದಿಲ್ಲ ಎಂದು ಬಾಯಿಬಿಟ್ಟು ಹೇಳದೆ ಹೇಳುತ್ತಿದ್ದಾರೆ.

ಮತ್ತೊಂದು ಬದಲಾವಣೆಯನ್ನೂ ಗಮನಿಸಿದೆ. ಅತ್ತೆ ನಡೆದರೆ ನೆಲ ಧಪಧಪ ಎನ್ನುತ್ತಿತ್ತು. ಮೊದಲು ಬೆಕ್ಕಿನ ಹಾಗೆ ನಡೆಯುತ್ತಿದ್ದವರು. ಕೂರುವಾಗ ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಕೂರುತ್ತಿದ್ದರು. “ಬೆನ್ನು ನೋಯುತ್ತಾ ಅತ್ತೆ?” ಎಂದು ಕೇಳಿದರೆ, “ವಯಸ್ಸಾತು,” ಎಂದು ಬೇರೆ ಕಡೆ ತಿರುಗಿದರು. ಮಗುವಿಗೆ ನೀರೆರೆಯಲು ಬಚ್ಚಲಮನೆಗೆ ಹೋದರೆ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದರು. “ಗಾಳಿ ಬರ್ತೈತಿ,” ಎನ್ನುತ್ತಿದ್ದರು. ಬಚ್ಚಲಿಗೆ ಕಿಟಕಿಯೇ ಇರಲಿಲ್ಲ. ಗಾಳಿ ಎಲ್ಲಿಂದ ಬರಬೇಕು?

ಒಂದು ಬೆಳಿಗ್ಗೆ ನಾನು ಗೋಡೆಯ ಹಗ್ಗ ಹಿಡಿದುಕೊಂಡು ಸದ್ದಿಲ್ಲದೆ ಹೋಗಿ ಬಚ್ಚಲ ಬಾಗಿಲ ಸಂದಿಗೆ ಕಣ್ಣಿಟ್ಟೆ.

ಅತ್ತೆ ಕಾಲು ನೀಡಿ ಕೂತಿದ್ದರು. ಮಗು ಅವರ ಕಾಲುಗಳ ಮೇಲೆ ಬೋರಲಾಗಿ ಮಲಗಿತ್ತು. ಎಣ್ಣೆ ಹಚ್ಚಿದ ಬೆನ್ನು ಕೆಂಪಗೆ ಹೊಳೆಯುತ್ತಿತ್ತು. ಅತ್ತೆ ಬೋಗುಣಿಯಿಂದ ನೀರು ಸುರಿದರು. ನೀರು ಮಗುವಿನ ಬೆನ್ನ ಮೇಲಿಂದ ಇಳಿದು, ಅತ್ತೆಯ ಕಾಲಿನ ಕೆಳಗೆ, ತೊಡೆಯ ಕೆಳಗೆ, ಎಲ್ಲಿಯೂ ತಡೆಯಿಲ್ಲದೆ ಹರಿದುಹೋಯಿತು. ಅವರು ಮಣೆಯ ಮೇಲೆ ಕೂತಿರಲಿಲ್ಲ. ಮಣೆಗೂ ಅವರಿಗೂ ನಡುವೆ ಒಂದು ಗೇಣು ಜಾಗವಿತ್ತು. ಎಡಗೈಯಲ್ಲಿ ಹಂಡೆಯ ಕಂಠ ಹಿಡಿದುಕೊಂಡಿದ್ದರು, ಇಲ್ಲದಿದ್ದರೆ ಇನ್ನೂ ಮೇಲೆ ಹೋಗುತ್ತಿದ್ದರೇನೋ. ಮೂಲೆಯಲ್ಲಿ ಒಂದು ಹಳೆಯ ಪಂಚೆ ಬಿಚ್ಚಿಬಿದ್ದಿತ್ತು, ಅದರೊಳಗೆ ನನ್ನ ಕಲ್ಲುಗಳು. ಮಗು ಕಾಲು ಝಾಡಿಸಿದಾಗ ಅತ್ತೆ ನಕ್ಕರು. ಆ ನಗುವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಯಾರೋ ಚಿಕ್ಕ ಹುಡುಗಿ ಒಳಗೆ ಅಡಗಿದ್ದ ಹಾಗಿತ್ತು.

ಎಲ್ಲವೂ ಒಂದಕ್ಕೊಂದು ಕೂಡಿಬಂದವು. ಅತ್ತೆಗೆ ಹಗುರ ಬಂದಿದೆ. ಅದನ್ನು ಕಲ್ಲು ಕಟ್ಟಿ ಮುಚ್ಚಿಟ್ಟಿದ್ದಾರೆ. ಒಳ್ಳೆಯ ಸುದ್ದಿಯನ್ನು ಯಾರಾದರೂ ಯಾಕೆ ಮುಚ್ಚಿಡುತ್ತಾರೆ? ಅದನ್ನು ಬಳಸುವ ದಿನವೊಂದಿರುವುದರಿಂದ. ನನ್ನ ಹೆಜ್ಜೆ ಹಿಟ್ಟಿನಲ್ಲಿ ಮೂಡಿದ ಕ್ಷಣ, ಎಲ್ಲರೆದುರಿಗೆ ಗಂಟು ಬಿಚ್ಚಿ, ಮೇಲಕ್ಕೆದ್ದು, ಕೈ ಚಾಚುತ್ತಾರೆ. ಆಗ ಮಗು ಪಕ್ಕದ ಮನೆಗೂ ಹೋಗುವುದಿಲ್ಲ, ನನಗೂ ಉಳಿಯುವುದಿಲ್ಲ. ಒಂದೇ ಮನೆಯಲ್ಲಿ, ಗೋಡೆಯ ಆಚೆ ಅದು ಅಳುವುದನ್ನು ಕೇಳುತ್ತ ನಾನು ಮಲಗಬೇಕು.

ಗುರುಶಾಂತನಿಗೆ ಹೇಳಿದೆ. ಅವನ ಹಗುರ ಆಗಲೇ ಇಳಿದಿತ್ತು, ಗುಂಡಿ ಹಚ್ಚಲು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದ.

“ನಿಮ್ಮ ತಾಯಿಗೆ ಹಗುರ ಬಂದಿದೆ.”

“ಯಾರಿಗೆ, ಅವರಿಗಾ?” ಅವನು ದಾರದಿಂದ ಕಣ್ಣೆತ್ತಲಿಲ್ಲ. “ಸುಮ್ನಿರು. ನಾ ಹುಟ್ಟಿದಾಗ ಬರಲಾರದ್ದು ಈಗ ಬಂತೇನು? ಇಡೀ ಊರಿಗೇ ಗೊತ್ತೈತಿ ಅವರದು ಕಲ್ಲಿನ ಕಾಲು ಅಂತ.”

“ನಾನು ಕಣ್ಣಾರೆ ನೋಡಿದೆ.”

“ನಿನಗ ನಿದ್ದಿ ಸಾಲವಲ್ದು, ಇಂದೂ. ಕೂಸಿನ ಮೂಗು ಕಾಯೋದು ಬಿಟ್ಟು ಒಂದೀಟು ಮಲಕ್ಕೋ. ತಾನ ಬರ್ತೈತಿ ಹಗುರ. ಖುಷಿಯಾಗಿರು, ಸಾಕು.”

ಖುಷಿಯಾಗಿರು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಪ್ರಯತ್ನಿಸದೆ ಇರಲಿಲ್ಲ. ಮಗುವಿನ ಉಗುರುಗಳನ್ನು ನೋಡುತ್ತಿದ್ದೆ. ಅಕ್ಕಿಯ ನುಚ್ಚಿನಷ್ಟು ಸಣ್ಣವು. ಅದು ನಿದ್ದೆಯಲ್ಲಿ ತುಟಿ ಚೀಪುವುದನ್ನು, ಆಕಳಿಸುವಾಗ ಮುಖವೆಲ್ಲ ಬಾಯಾಗುವುದನ್ನು ನೋಡುತ್ತಿದ್ದೆ. ಎದೆಯಲ್ಲಿ ಏನೋ ಬೆಚ್ಚಗೆ ಏಳುತ್ತಿತ್ತು. ಆಗಲೇ ಒಂದು ಯೋಚನೆ ಅದರ ಕಾಲು ಹಿಡಿದು ಎಳೆಯುತ್ತಿತ್ತು: ಇಷ್ಟು ಸಣ್ಣ ಉಗುರು, ಇಷ್ಟು ತೆಳು ಕುತ್ತಿಗೆ, ಏನಾದರೂ ಆದರೆ? ಕೂಡಲೇ ಬೆರಳು ಮೂಗಿನ ಹತ್ತಿರ ಹೋಗುತ್ತಿತ್ತು. ಮಗುವೋ ಯಾವುದನ್ನೂ ಅನುಮಾನಿಸುತ್ತಿರಲಿಲ್ಲ. ಯಾರು ಎತ್ತಿಕೊಂಡರೂ ಅವರ ಕೈಗೆ ಇಡೀ ಮೈ ಒಪ್ಪಿಸಿಬಿಡುತ್ತಿತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಖುಷಿ ಬರದಿದ್ದರೆ ಉಪಾಯವಾದರೂ ಬೇಕಲ್ಲ. ಅತ್ತೆ ಮಗುವಿಗೆ ನೀರೆರೆಯುವ ಹೊತ್ತಿನಲ್ಲಿ ಹಿತ್ತಲಿಗೆ ಹೋಗಿ, ಒಲೆಯ ಬೂದಿಯನ್ನು ನೆಲದ ಮೇಲೆ ತೆಳ್ಳಗೆ ಹರಡಿ, ಬೆರಳ ತುದಿಯಲ್ಲಿ ನಡೆದು ನೋಡಿದೆ. ಬೆರಳುಗಳು ಮೂಡಿದವು. ಪಾದದ ಅಂಚಿನಲ್ಲಿ ನಡೆದೆ. ಅಂಚು ಮೂಡಿತು. ಎಷ್ಟು ಮೆಲ್ಲಗೆ ಇಟ್ಟರೂ ಬೂದಿಗೆ ನನ್ನ ಗುರುತು ಸಿಗುತ್ತಿತ್ತು. ತಲೆಯೆತ್ತಿದರೆ ಹಿತ್ತಲ ಬಾಗಿಲಲ್ಲಿ ಅತ್ತೆ ನಿಂತಿದ್ದರು, ತೋಳಿನಲ್ಲಿ ಬಿಳಿ ಬಟ್ಟೆ ಸುತ್ತಿದ ಮಗು.

“ಬಾಣಂತಿ ಹಿಂಗ ಬಯಲಿಗೆ ಬರಬಾರ್ದು. ಥಂಡಿ ಆಗ್ತೈತಿ,” ಎಂದರು.

ಮಗುವನ್ನು ನನ್ನ ಕೈಗೆ ಕೊಟ್ಟರು. ಬೂದಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, ನಾನು ನೋಡುತ್ತಿದ್ದಂತೆಯೇ, ನನ್ನ ಹೆಜ್ಜೆಯ ಗುರುತೊಂದರ ಮೇಲೆ ತಮ್ಮ ಪಾದವನ್ನು ಸರಿಯಾಗಿ ಇಟ್ಟು ಒತ್ತಿದರು. ಅವರದು ದೊಡ್ಡ ಪಾದ, ನನ್ನ ಹೆಜ್ಜೆ ಪೂರ್ತಿ ಅಳಿಸಿಹೋಯಿತು. ಪೊರಕೆ ತಂದು ಉಳಿದದ್ದನ್ನು ಗುಡಿಸಿದರು. ನನ್ನನ್ನು ತುಳಿದು ತೋರಿಸಿದರು ಎಂದುಕೊಂಡೆ. ಅಂದಿನಿಂದ ಅವರು ಕೊಟ್ಟ ಕಷಾಯವನ್ನೂ ವಾಸನೆ ನೋಡಿ ಕುಡಿಯುತ್ತಿದ್ದೆ.

ತೊಟ್ಟಿಲಿಗೆ ಹಾಕುವ ದಿನ ಮನೆ ತುಂಬ ಹೆಂಗಸರು. ಕಾಶವ್ವ ಹೊಸ್ತಿಲಿನಿಂದ ತೊಟ್ಟಿಲಿನವರೆಗೆ ಜರಡಿ ಹಿಡಿದು ಹಿಟ್ಟು ಹಾಸಿದಳು. ಒಂದು ಸೀರೆಯ ಅಗಲದ ಬಿಳಿ ದಾರಿ. ಅವಳ ಸೊಸೆ ಸೊಂಟಕ್ಕೆ ಕಲ್ಲು ಕಟ್ಟಿಕೊಂಡು, ಗೋಡೆಯ ಹಗ್ಗ ಹಿಡಿದು, ಮಗುವನ್ನು ಒಯ್ಯಲು ತಯಾರಾಗಿಯೇ ನಿಂತಿದ್ದಳು. ಪಾಪ, ಅವಳ ಮುಖದಲ್ಲಿ ಕೇಡೇನೂ ಇರಲಿಲ್ಲ. ಹಗುರವಿದ್ದವರ ಮುಖದಲ್ಲಿ ಅದು ಇರುವುದೇ ಇಲ್ಲ.

ದಾಟುವಾಗ ತಾಯಿ ಗಾಳಿಗೆ ಸರಿದು ತೊಲೆಗೆ ತಾಗದಂತೆ, ಹಿಂದಿನಿಂದ ಯಾರಾದರೂ ಅವಳ ಸೆರಗಿನ ತುದಿ ಹಿಡಿದಿರಬೇಕೆಂಬ ಪದ್ಧತಿಯಿದೆ. ಹಿಡಿದವರು ಹಿಟ್ಟನ್ನು ಬಿಟ್ಟು ಬದಿಯಲ್ಲಿ ನಡೆಯಬೇಕು. ನನ್ನ ಸೆರಗನ್ನು ಅತ್ತೆ ಹಿಡಿದರು. ಹಿಡಿಯಲು ಬೇರೆ ಯಾರನ್ನೂ ಅವರು ಬಿಡಲಿಲ್ಲ. ಅಂದು ಅವರು ಎಂದಿಗಿಂತ ದಪ್ಪಗೆ ಕಾಣುತ್ತಿದ್ದರು. ನನ್ನ ಮಂಚದ ಕೆಳಗೆ ಬೆಳಿಗ್ಗೆ ಒಂದು ಕಲ್ಲೂ ಉಳಿದಿರಲಿಲ್ಲ.

ನಾನು ಮೊದಲ ಹೆಜ್ಜೆ ಇಟ್ಟೆ. ಹಿಟ್ಟು ಅಂಗಾಲಿಗೆ ತಣ್ಣಗೆ ತಾಕಿತು. ತಾಕಿತು ಎಂದರೆ ಮೂಡಿತು ಎಂದೇ ಅರ್ಥ. ಇನ್ನೀಗ ಹಿಂದಿನಿಂದ ಗಂಟು ಬಿಚ್ಚುವ ಸದ್ದು ಕೇಳುತ್ತದೆ ಎಂದು ಮಗುವನ್ನು ಎದೆಗೆ ಅವಚಿಕೊಂಡೆ. ಕೇಳಿಸಿದ್ದು ಬೇರೆ. ನನ್ನ ಹಿಮ್ಮಡಿಯ ಹತ್ತಿರವೇ ಧಪ್ ಎಂದಿತು.

“ಬಾಳವ್ವಾ, ಬಾಜೂಕ ನಡಿ! ಹಿಟ್ಟಿನ ಮ್ಯಾಲ ಬಂದೀಯಲ್ಲ,” ಎಂದು ಕಾಶವ್ವ ಕೂಗಿದಳು.

“ಮೊಣಕಾಲು ಹಿಡದೈತಿ. ಬದಿಗೆ ವಾರಿ ನಡ್ಯಾಕ ಬರಂಗಿಲ್ಲ ನನಗ,” ಎಂದರು ಅತ್ತೆ.

ನಾನು ಕಾಲೆತ್ತಿದೆ. ನನ್ನ ಕಾಲು ಬಿಟ್ಟ ಜಾಗದಲ್ಲೇ ಧಪ್ ಎಂದು ಅವರ ಕಾಲು ಬಿತ್ತು. ಮತ್ತೊಂದು ಹೆಜ್ಜೆ, ಮತ್ತೊಂದು ಧಪ್. ಅವರ ಉಸಿರು ನನ್ನ ಬೆನ್ನಿಗೆ ತಾಕುತ್ತಿತ್ತು. ನಾನು ಅವಸರಪಟ್ಟಾಗ ಸೆರಗನ್ನು ಸಣ್ಣಗೆ ಜಗ್ಗಿ ನಿಧಾನಿಸಿದರು, ನಿಂತಾಗ ಬೆರಳಿನಿಂದ ಬೆನ್ನು ತಿವಿದರು. ಅರ್ಧ ದಾರಿ ಕಳೆದ ಮೇಲೆ ನನಗೆ ಅರ್ಥವಾಯಿತು. ಆಮೇಲೆ ನಾನೂ ಹೆಜ್ಜೆಗಳನ್ನು ನೆಟ್ಟಗೆ, ಅವರಿಗೆ ಸಿಗುವ ಹಾಗೆ ಇಟ್ಟೆ.

ತೊಟ್ಟಿಲು ಮುಟ್ಟಿದ ಮೇಲೆ ಹೆಂಗಸರು ಬಗ್ಗಿ ನೋಡಿದರು. ಹಿಟ್ಟಿನಲ್ಲಿ ಒಂದೇ ಸಾಲು, ದೊಡ್ಡ ದೊಡ್ಡ ಪಾದಗಳು, ನೆಲ ಕಾಣುವಷ್ಟು ಆಳ.

“ಸೊಸೀದು ಒಂದೂ ಇಲ್ಲ,” ಎಂದಳು ಒಬ್ಬಳು. “ಇವೆಲ್ಲಾ ಬಾಳವ್ವಂದ. ಒರಳಕಲ್ಲು ಉರುಳಿಸಿದಂಗ ಅದಾವ ನೋಡ್ರಿ.”

ಎಲ್ಲರೂ ನಕ್ಕರು. ಕಾಶವ್ವ ಹಣೆಗೆ ಕೈ ಹಚ್ಚಿಕೊಂಡಳು. “ಮಮ್ಮಗಳು ಹುಟ್ಟಿದ್ರೂ ಈಕೀದು ಅದ ಕಾಲು. ಗುರುಶಾಂತ ಹುಟ್ಟಿದಾಗೂ ಹಿಂಗ ಇತ್ತು. ಪುಣ್ಯಾ, ಆಗ ತಂಗೆವ್ವ ಇದ್ಲು, ಒಯ್ದು ತನ್ನ ಮಗ್ಗಲಾಗ ಹಾಕ್ಕೊಂಡು ಬೆಳಿಸಿದ್ಲು. ಇಲ್ಲಾಂದ್ರ ಆ ಕೂಸಿನ ಗತಿ ಏನಾಗ್ತಿತ್ತು.”

ಬಾಗಿಲ ಹತ್ತಿರ ನಿಂತಿದ್ದ ಗುರುಶಾಂತ ತಲೆ ತಗ್ಗಿಸಿದ. ನನ್ನ ಅತ್ತೆ ಅವನ ಕಡೆ ನೋಡಲಿಲ್ಲ. “ಹೌದು, ನಂದು ಕಲ್ಲಿನ ಕಾಲ,” ಎಂದು ತೊಟ್ಟಿಲ ಹಗ್ಗವನ್ನು ಸರಿಮಾಡಿದರು. “ಬರ್ರಿ, ಹೆಸರು ಕೂಗ್ರಿ. ಕೂಸಿಗೆ ಹಾಲಿನ ಹೊತ್ತಾತು.”

ಹೆಂಗಸರೆಲ್ಲ ಉಂಡು ಹೋದ ಮೇಲೆ ಗುರುಶಾಂತ ತಂಗೆವ್ವನಿಗೆ ಹೋಳಿಗೆ ಕೊಡಲು ಹೊರಟ. ಮನೆಯಲ್ಲಿ ನಾವು ಮೂವರೇ ಉಳಿದೆವು. ಹಿಟ್ಟಿನ ದಾರಿ ಇನ್ನೂ ಹಾಗೆಯೇ ಇತ್ತು, ಅಂಚಿನಲ್ಲಿ ಇರುವೆಗಳು ಬಂದಿದ್ದವು. ಅತ್ತೆ ಗೋಡೆಗೆ ಒರಗಿ ನಿಂತು ಸೊಂಟ ತಡವಿಕೊಂಡರು.

“ಗಂಟು ಬಿಗಿದೈತಿ, ನನ್ನ ಕೈಗೆ ಬರವಲ್ದು. ಬಿಚ್ಚು,” ಎಂದರು.

“ನಾನು ನೋಡಿದ್ದು ನಿಮಗೆ ಗೊತ್ತಿತ್ತಾ?”

“ಬಚ್ಚಲ ಬಾಗಿಲ ಸಂದ್ಯಾಗ ನಿನ್ನ ಸೀರಿ ಅಂಚು ಕಾಣತಿತ್ತು.”

ನಾನು ಅವರ ಮುಂದೆ ಕೂತು ಗಂಟಿಗೆ ಕೈ ಹಾಕಿದೆ. ಪಂಚೆಯ ಒತ್ತಿಗೆ ಚರ್ಮ ಕೆಂಪಾಗಿ ಬರೆ ಎದ್ದಿತ್ತು. “ಹಗುರ ಬಂದಿದೆ ಅಂತ ಒಂದು ಮಾತು ಹೇಳಿದ್ದರೆ ಮಗು ನಿಮ್ಮ ಮಗ್ಗುಲಿಗೆ ಬರುತ್ತಿತ್ತು,” ಎಂದೆ. “ನಿಮಗೆ ಬೇಡವಾಗಿತ್ತಾ?”

ಅವರು ತೊಟ್ಟಿಲ ಕಡೆ ನೋಡಿದರು.

“ಬೇಕಿತ್ತು,” ಎಂದರು. ಆಮೇಲೆ, “ನೀ ಮೂಗಿನ ಮುಂದ ಬೆರಳು ಹಿಡೀತಿ. ನಾನೂ ಹಿಡೀತಿದ್ನಿ. ಈ ಊರವರು ಅದಕ್ಕ ಭಾರ ಅಂತಾರ. ಕಾಯಾಕ ಯಾರಾರ ನೆಲದ ಮ್ಯಾಲ ಇರಬೇಕಲ್ಲ?” ಎಂದರು. “ಗುರುಶಾಂತ ನಡ್ಯಾಕ ಕಲ್ತ ಮ್ಯಾಲ ತಿರುಗಿ ಬಂದ. ಬಂದ ಖರೆ,” ಎಂದು ಅಲ್ಲಿಗೇ ಬಿಟ್ಟರು.

ಗಂಟು ಬಿಚ್ಚಿತು. ಕಲ್ಲುಗಳು ಒಂದೊಂದಾಗಿ ನನ್ನ ಮಡಿಲಿಗೆ ಉರುಳಿದವು, ಅವರ ಮೈಯ ಬಿಸಿ ಇನ್ನೂ ಅವುಗಳಲ್ಲಿತ್ತು. ಕೊನೆಯದು ಬಿದ್ದಾಗ ಅವರ ಹಿಮ್ಮಡಿ ನೆಲ ಬಿಟ್ಟಿತು. ನಾನು ಎದ್ದು ಅವರ ಸೆರಗಿನ ತುದಿ ಹಿಡಿದುಕೊಂಡೆ. ನಿಧಾನವಾಗಿ ಎದ್ದರು, ಮೊದಲು ಬೆರಳಷ್ಟು, ಆಮೇಲೆ ಮೊಳದಷ್ಟು. ಕೈ ಚಾಚಿದರು.

ಮಗುವನ್ನು ಬೇರೆಯವರ ಕೈಗೆ ಕೊಡುವುದು ನನಗೆ ಎಂದೂ ಸುಲಭವಾಗಿರಲಿಲ್ಲ. ತೊಲೆ ಎಷ್ಟು ದೂರವಿದೆ, ತೊಟ್ಟಿಲ ಕೊಕ್ಕೆ ಎಲ್ಲಿದೆ, ಬಾಗಿಲಿಂದ ಗಾಳಿ ಬರುತ್ತಿದೆಯೋ ಎಂದು ಎಲ್ಲವನ್ನೂ ನೋಡಿದೆ. ಆಮೇಲೆ ತೊಟ್ಟಿಲಿನಿಂದ ಎತ್ತಿ ಕೊಟ್ಟೆ. ಮಗುವಿನ ರೆಪ್ಪೆಯ ಮೇಲೆ ಹಿಟ್ಟು ಕೂತಿತ್ತು. ಅದು ಒಮ್ಮೆ ಸೀನಿ, ತನ್ನ ಸೀನಿಗೆ ತಾನೇ ಬೆಚ್ಚಿ, ಹಲ್ಲಿಲ್ಲದ ಬಾಯನ್ನು ಅಗಲಿಸಿತು. ಆ ವಯಸ್ಸಿನ ಮಗುವಿಗೆ ಅದು ನಗುವಲ್ಲ, ಹೊಟ್ಟೆಯ ಗಾಳಿ ಎಂದು ನಾನು ಓದಿದ್ದೆ. ಅತ್ತೆ ಓದಿರಲಿಲ್ಲ. ಅವರು ಬಚ್ಚಲಮನೆಯ ಆ ನಗುವನ್ನು ನಕ್ಕರು, ಸೆರಗು ನನ್ನ ಮುಷ್ಟಿಯಲ್ಲಿ ಮೇಲಕ್ಕೆ ಜಗ್ಗಿತು.

“ಬಿಡಬ್ಯಾಡ,” ಎಂದರು.

“ಬಿಡಲ್ಲ.”

ಮಗುವನ್ನು ಭುಜಕ್ಕೆ ಹಾಕಿಕೊಳ್ಳುತ್ತ ಅವರು ಒಮ್ಮೆ ಕೆಳಗೆ ನೋಡಿದರು. ನನ್ನ ಮುಖವನ್ನಲ್ಲ, ನನ್ನ ಕಾಲನ್ನು. ಸ್ವಲ್ಪ ಹೊತ್ತು ನೋಡಿ, ಗೊತ್ತಾಗದವರ ಹಾಗೆ ಮಗುವಿನ ಬೆನ್ನು ತಟ್ಟತೊಡಗಿದರು.

“ಆ ಕಲ್ಲು ಹಿತ್ತಲಕ್ಕ ಚೆಲ್ಲಬ್ಯಾಡ,” ಎಂದರು. “ನಿನ್ನ ಮಂಚದ ಬುಡಕ ಇಡು.”

“ಯಾಕೆ?”

ಅವರು ಮಗುವಿನ ಬೆನ್ನು ತಟ್ಟುತ್ತಲೇ ಇದ್ದರು. ಏನನ್ನು ನೋಡಿದರೋ ಎಂದು ನನಗೆ ಅನುಮಾನವಾಯಿತು. ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ಎರಡೂ ಕೈಯಲ್ಲಿ ಸೆರಗನ್ನು ಹಿಡಿದುಕೊಂಡು, ಮೇಲೆ ಅವರಿಬ್ಬರನ್ನೇ ನೋಡುತ್ತ ನಿಂತೆ.